ಹಿಡಿದ ದುಡ್ಡು ಎಲ್ಲಿಗೆ ಹೋಯಿತು? ಹೊರದೇಶದಲ್ಲಿ ಓದುತ್ತ ದುಡಿಯುವ ಮಕ್ಕಳ ಸಂಬಳದ ಚೀಟಿ

ಅರೇಬಿಕಾ ಕಾಫಿ ಕುಯ್ಲು ಶುರುವಾಗಿ ಒಂದು ವಾರ ಆಗಿತ್ತು. ಕೊಡಗಿನ ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಸಂಜೆ ತೂಕ ಮುಗಿಸಿ ಚೆಕ್ ರೋಲ್ (ಕಾರ್ಮಿಕರ ಹಾಜರಿ ಪುಸ್ತಕ) ತುಂಬುತ್ತ ಕೂತಿದ್ದಾಗ ಪಕ್ಕದ ಮನೆಯ ಅಕ್ಕ ಮೊಬೈಲ್ ಹಿಡಿದುಕೊಂಡು ಆಫೀಸಿನ ಜಗಲಿಗೆ ಬಂದರು. ಅವರ ಮಗಳು ಆಗಸ್ಟಿನಲ್ಲಿ ಕೆನಡಾದ ಒಂಟಾರಿಯೊಗೆ ಎರಡು ವರ್ಷದ ಡಿಪ್ಲೊಮಾ ಓದಲು ಹೋದವಳು. ಸಂಜೆ ಹೊತ್ತು ಅಂಗಡಿಯೊಂದರಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಸಂಬಳ. ಆ ಸಂಬಳದ ಚೀಟಿಯ ಫೋಟೊ ವಾಟ್ಸಾಪಿನಲ್ಲಿ ಬಂದಿತ್ತು.

"ಗಂಟೆಗೆ 18 ಡಾಲರ್, 32 ಗಂಟೆ ಕೆಲಸ. 576 ಆಗಬೇಕಲ್ಲ ರೈಟ್ರೇ? ಬ್ಯಾಂಕಿಗೆ ಬಿದ್ದದ್ದು 540 ಚಿಲ್ಲರೆ. ತೆರಿಗೆ ಅನ್ನೋ ಕಡೆ ಸೊನ್ನೆ ಇದೆ. ಮತ್ತೆ ಈ ಎರಡು ಕಡೆ ಹಿಡಿದದ್ದು ಯಾಕೆ?"

ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ಮಗಳ ರೂಮಿನಲ್ಲಿರುವ ಹುಡುಗಿ, ನಂಬರ್ ಗಿಂಬರ್ ಕೇಳದೆ ಕೈಗೆ ಕಾಸು ಕೊಡುವ ಕೆಲಸ ಒಂದಿದೆ, ಅಲ್ಲಿ ಏನೂ ಹಿಡಿಯುವುದಿಲ್ಲ ಎಂದಿದ್ದಳಂತೆ. ಅಲ್ಲಿಗೆ ಸೇರಿಕೊಳ್ಳಲೇ ಎಂದು ಮಗಳು ಕೇಳುತ್ತಿದ್ದಳು.

ಆ ಸಂಜೆ ನಾನು ಹೇಳಿದ್ದನ್ನೂ, ಆಮೇಲೆ ಮಗಳ ಜೊತೆ ಫೋನಿನಲ್ಲಿ ಕೂತು ಲೆಕ್ಕ ಹಾಕಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆ, ಕುಶಾಲನಗರ, ಎಲ್ಲಿ ಹೋದರೂ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿದ ಮನೆಗಳು ಸಿಗುತ್ತವೆ. ಫೀಸು, ವೀಸಾ, ಟಿಕೆಟಿನ ದರ ಆ ಮನೆಯವರಿಗೆ ಬಾಯಿಪಾಠ. ಮಗು ದುಡಿದ ಮೊದಲ ಸಂಬಳದ ಚೀಟಿ ಓದುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಕೆಲಸ ಮಾಡುವ ಅನುಮತಿ ಬೇರೆ, ದುಡಿಯುವವರಿಗೆ ಸರ್ಕಾರ ಕೊಡುವ ನಂಬರ್ ಬೇರೆ, ಸಂಬಳದಲ್ಲಿ ಹಿಡಿಯುವ ವಂತಿಗೆ ಬೇರೆ. ಮೂರನ್ನೂ ಒಂದೇ ಎಂದು ತಿಳಿದವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುವುದು.

ಅನುಮತಿ ಇರುವುದು ಸ್ಟಡಿ ಪರ್ಮಿಟ್ಟಿನಲ್ಲಿ, ಅಂದರೆ ಅಲ್ಲಿ ಓದಲು ಕೊಡುವ ಪರವಾನಗಿಯಲ್ಲಿ. ಇಲ್ಲಿಂದ ಹೊರಡುವಾಗ ಕೈಯಲ್ಲಿರುವ ಪತ್ರ ಪರ್ಮಿಟ್ ಅಲ್ಲ. ಕೆನಡಾದಲ್ಲಿ ಇಳಿದಾಗ ಅಧಿಕಾರಿ ಮುದ್ರಿಸಿ ಕೊಡುವ ಹಾಳೆಯೇ ಪರ್ಮಿಟ್. ವಿಮಾನ ನಿಲ್ದಾಣ ಬಿಡುವ ಮೊದಲೇ ಅದರ ಕೆಳಭಾಗದ ಷರತ್ತುಗಳನ್ನು ಓದಬೇಕು. ಕೆಲಸ ಮಾಡಬಹುದು ಎಂಬ ಸಾಲು ಅಲ್ಲಿ ಇಲ್ಲದಿದ್ದರೆ ಮುಂದಿನದ್ದೆಲ್ಲ ನಿಂತುಹೋಗುತ್ತದೆ, ಮೊದಲು ಪರ್ಮಿಟ್ ತಿದ್ದಿಸಬೇಕಾಗುತ್ತದೆ. ಸಾಲು ಇದ್ದರೂ ತರಗತಿ ಶುರುವಾಗುವ ಮುಂಚೆ ಕೆಲಸಕ್ಕೆ ಹೋಗುವಂತಿಲ್ಲ. ಕಾಲೇಜಿನ ಹೊರಗೆ ಎಷ್ಟು ಗಂಟೆ ದುಡಿಯಬಹುದು ಎಂಬುದಕ್ಕೂ ಮಿತಿ ಇದೆ: 2024ರ ನವೆಂಬರ್ 8ರಿಂದ ವಾರಕ್ಕೆ 24 ಗಂಟೆ. ಕಾಲೇಜು ಗೊತ್ತುಮಾಡಿದ ರಜೆಯಲ್ಲಿ ಮಾತ್ರ ಪೂರ್ಣಾವಧಿ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 24, ಒಂದೊಂದಕ್ಕೆ 24 ಅಲ್ಲ.

ಇನ್ನು ನಂಬರ್. ಅದರ ಹೆಸರು ಸೋಶಿಯಲ್ ಇನ್ಶೂರೆನ್ಸ್ ನಂಬರ್, ಮಕ್ಕಳ ಬಾಯಲ್ಲಿ ಸಿನ್. 1964ರಲ್ಲಿ ಶುರುವಾದ ಒಂಬತ್ತು ಅಂಕಿಯ ಗುರುತು ಇದು. ನಮ್ಮಲ್ಲಿ ಪಿಎಫ್‌ಗೆ ಹನ್ನೆರಡು ಅಂಕಿಯ ಯುಎಎನ್ ಇದ್ದ ಹಾಗೆ ಎಂದು ಅಕ್ಕನಿಗೆ ಹೇಳಿದೆ. ಆದರೆ ಸಿನ್ ಇನ್ನೂ ಅಗಲದ್ದು, ಪೆನ್ಶನ್ನು, ನಿರುದ್ಯೋಗ ವಿಮೆ, ಆದಾಯ ತೆರಿಗೆ ಮೂರಕ್ಕೂ ಅದೊಂದೇ. ಸರ್ವಿಸ್ ಕೆನಡಾ ಎಂಬ ಸರ್ಕಾರಿ ಕಚೇರಿ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್, ಪರ್ಮಿಟ್ ಹಿಡಿದು ನೇರವಾಗಿ ಹೋದರೆ, ದಾಖಲೆ ಸರಿ ಇದ್ದವರಿಗೆ ಸಾಮಾನ್ಯವಾಗಿ ಅವತ್ತೇ ಸಿಗುತ್ತದೆ. ಇದನ್ನು ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 2014ರಿಂದ ಪ್ಲಾಸ್ಟಿಕ್ ಕಾರ್ಡ್ ಕೊಡುವುದನ್ನು ನಿಲ್ಲಿಸಿದ್ದಾರೆ, ಒಂದು ಪತ್ರ ಅಷ್ಟೆ. ಕೆಲಸಕ್ಕೆ ಸೇರಿದ ಮೂರು ದಿನದೊಳಗೆ ಮಾಲೀಕ ಈ ನಂಬರನ್ನು ಕೇಳಿ ಪಡೆಯಬೇಕೆಂಬುದು ಅಲ್ಲಿನ ನಿಯಮ.

ಮಗಳ ನಂಬರ್ 9ರಿಂದ ಶುರುವಾಗಿತ್ತು. ಅದಕ್ಕೆ ಅರ್ಥ ಇದೆ. 9ರಿಂದ ಶುರುವಾಗುವ ಸಿನ್ ತಾತ್ಕಾಲಿಕವಾಗಿ ಬಂದವರದ್ದು, ಅದಕ್ಕೆ ಕೊನೆಯ ದಿನ ಇರುತ್ತದೆ. ಪರ್ಮಿಟ್ ಮುಗಿಯುವ ದಿನವೇ ನಂಬರಿನ ಅವಧಿಯೂ ಮುಗಿಯುತ್ತದೆ. ಪರ್ಮಿಟ್ ವಿಸ್ತರಣೆಯಾದರೆ ನಂಬರ್ ತಾನಾಗಿ ಮುಂದಕ್ಕೆ ಹೋಗುವುದಿಲ್ಲ, ಹೊಸ ಪರ್ಮಿಟ್ ತೋರಿಸಿ ದಿನಾಂಕ ಬದಲಿಸಿಕೊಳ್ಳಬೇಕು. ಮುಂದೆ ಅಲ್ಲೇ ಕಾಯಂ ನಿವಾಸಿಯಾದರೆ 9ರ ನಂಬರ್ ಹೋಗಿ ಹೊಸ ನಂಬರ್ ಬರುತ್ತದೆ. ಇನ್ನೊಂದನ್ನೂ ನೆನಪಿಡಬೇಕು. ನಂಬರ್ ಇದೆ ಎಂದ ಮಾತ್ರಕ್ಕೆ ದುಡಿಯುವ ಹಕ್ಕು ಬಂತು ಎಂದಲ್ಲ. ಆ ಹಕ್ಕು ಕೊಡುವುದು ಪರ್ಮಿಟ್ ಒಂದೇ.

ಹೆಸರಿನ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಈ ನೋವು ನನಗೆ ಗೊತ್ತು. ನಮ್ಮ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದ ಒಬ್ಬ ಹೆಂಗಸಿಗೆ ಚೆಕ್ ರೋಲಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಅವರು ಮೊದಲು ದುಡಿದ ತೋಟದ ಪಿಎಫ್ ಖಾತೆಯನ್ನು ನಮ್ಮದಕ್ಕೆ ಸೇರಿಸಲು ಎರಡು ವರ್ಷ ಓಡಾಡಿದೆವು. ದುಡ್ಡು ಎಲ್ಲೂ ಹೋಗಿರಲಿಲ್ಲ, ಅದು ಅವರದ್ದೇ ಎಂದು ತೋರಿಸುವ ಹೆಸರು ಮಾತ್ರ ಹೊಂದುತ್ತಿರಲಿಲ್ಲ. ಕೊಡಗಿನಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಆಮೇಲೆ ಬರೆಯುವವರು ಬಹಳ. ಕೆಲವರದ್ದು ಬರೀ ಇನಿಷಿಯಲ್, ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಪಾಸ್‌ಪೋರ್ಟ್, ಪರ್ಮಿಟ್, ಸಿನ್ ಪತ್ರ, ಬ್ಯಾಂಕು, ಸಂಬಳದ ಚೀಟಿ, ಈ ಐದರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ. ಆಮೇಲೆ ತಿದ್ದಿಸುವುದು ಬಹಳ ಕಷ್ಟ.

ಸಿನ್ ಅನ್ನು ಎಲ್ಲರಿಗೂ ಹೇಳುತ್ತ ಹೋಗಬಾರದು. ಮಾಲೀಕ, ತೆರಿಗೆ ಇಲಾಖೆ, ಬಡ್ಡಿ ಕೊಡುವ ಖಾತೆ ತೆರೆಯುವ ಬ್ಯಾಂಕು ಇವರಿಗೆ ಬೇಕು. ಮನೆ ಬಾಡಿಗೆಗೆ ಕೊಡುವವರಿಗೆ ಕೊಡಲೇಬೇಕೆಂಬ ಕಾನೂನಿಲ್ಲ. "ನಿಮ್ಮ ಸಿನ್ ರದ್ದಾಗಿದೆ, ಈಗಲೇ ದುಡ್ಡು ಕಟ್ಟದಿದ್ದರೆ ಪೊಲೀಸರು ಬರುತ್ತಾರೆ" ಎಂದು ಫೋನ್ ಬಂದರೆ ಅದು ಮೋಸ. ಹೊಸದಾಗಿ ಬಂದ ಮಕ್ಕಳು ಹೆದರಿ ಕೊಟ್ಟುಬಿಡುತ್ತಾರೆ. ಇದನ್ನು ವಿಮಾನ ಹತ್ತುವ ಮೊದಲೇ ಹೇಳಿ ಕಳಿಸಿ.

ಈಗ ಅಕ್ಕನ ಪ್ರಶ್ನೆಗೆ ಬರೋಣ. 576ರಲ್ಲಿ 35.71 ಡಾಲರ್ ಹೋಗಿದೆ. ಅದರಲ್ಲಿ 26.26 ಡಾಲರ್ ಸಿಪಿಪಿ ಎಂಬ ಸಾಲಿನಲ್ಲಿ, 9.45 ಡಾಲರ್ ಇಐ ಎಂಬ ಸಾಲಿನಲ್ಲಿ.

ಸಿಪಿಪಿ ಎಂದರೆ ಕೆನಡಾ ಪೆನ್ಶನ್ ಪ್ಲಾನ್. ಹದಿನೆಂಟು ದಾಟಿ ಸಂಬಳಕ್ಕೆ ದುಡಿಯುವ ಹೆಚ್ಚುಕಮ್ಮಿ ಎಲ್ಲರೂ ಕಟ್ಟಬೇಕು. ವಿದ್ಯಾರ್ಥಿ, ವಿದೇಶಿ ಎಂಬ ವಿನಾಯಿತಿ ಇಲ್ಲ. ದರ ಶೇ. 5.95. ಆದರೆ ಪೂರ್ತಿ ಸಂಬಳದ ಮೇಲೆ ಅಲ್ಲ: ವರ್ಷಕ್ಕೆ ಮೊದಲ 3,500 ಡಾಲರ್ ಬಿಟ್ಟು ಉಳಿದದ್ದರ ಮೇಲೆ. ಎರಡು ವಾರಕ್ಕೊಮ್ಮೆ ಸಂಬಳ ಎಂದರೆ ವರ್ಷಕ್ಕೆ 26 ಸಂಬಳ. ಆ 3,500 ಅನ್ನು 26 ಪಾಲು ಮಾಡಿ, ಪ್ರತಿ ಸಲ 134.61 ಡಾಲರ್ ಬಿಡುತ್ತಾರೆ. 576ರಲ್ಲಿ ಅದು ಕಳೆದರೆ 441.39. ಅದರ ಶೇ. 5.95 ಎಂದರೆ 26.26. ಸಂಬಳದ ಚೀಟಿಯೊಂದಿಗೆ ಲೆಕ್ಕ ಸೆಂಟಿಗೆ ಸೆಂಟು ತಾಳೆಯಾಯಿತು. ಮಾಲೀಕನೂ ತನ್ನ ಕೈಯಿಂದ ಇಷ್ಟೇ ಹಾಕಬೇಕು.

ಇಐ ಎಂದರೆ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್, ಕೆಲಸ ಹೋದಾಗ ಕೈಹಿಡಿಯುವ ವಿಮೆ. 2025ರಲ್ಲಿ ದರ ಶೇ. 1.64, 2026ಕ್ಕೆ ಶೇ. 1.63. ಇದಕ್ಕೆ 3,500ರ ವಿನಾಯಿತಿ ಇಲ್ಲ, ಮೊದಲ ಡಾಲರಿನಿಂದಲೇ ಹಿಡಿಯುತ್ತಾರೆ. ಮಾಲೀಕ ಇದರ 1.4 ಪಟ್ಟು ಕಟ್ಟಬೇಕು, ಅಂದರೆ 9.45ಕ್ಕೆ 13.23. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿಗೆ ತನ್ನದೇ ಪೆನ್ಶನ್ ಯೋಜನೆ ಇದೆ, ಹೆರಿಗೆ ಮತ್ತು ಶಿಶುಪಾಲನೆಯ ವಿಮೆಗೆ ಇನ್ನೊಂದು ಸಾಲು ಇರುತ್ತದೆ.

ತೆರಿಗೆಯ ಕಡೆ ಸೊನ್ನೆ ಬಂದದ್ದು ಯಾಕೆಂದರೆ ಅದಕ್ಕೆ ಬೇರೆ ಗಡಿ ಇದೆ. 2025ರಲ್ಲಿ ಕೇಂದ್ರ ತೆರಿಗೆಗೆ ಮೂಲ ವಿನಾಯಿತಿ 16,129 ಡಾಲರ್. ಕೆಲಸಕ್ಕೆ ಸೇರುವಾಗ ಟಿಡಿ1 ಎಂಬ ಫಾರಂ ತುಂಬಿ ಕೊಟ್ಟರೆ, ಆದಾಯ ಅಷ್ಟು ಮುಟ್ಟದವರಿಗೆ ತೆರಿಗೆ ಹಿಡಿಯುವುದಿಲ್ಲ. ಹಾಗಾಗಿ ಚೀಟಿಯ ಆ ಸೊನ್ನೆ ತಪ್ಪಲ್ಲ. ಆದರೆ ಸಿಪಿಪಿಯೂ ಇಐಯೂ ತೆರಿಗೆಯಲ್ಲ, ವಂತಿಗೆ. ತೆರಿಗೆಯ ವಿನಾಯಿತಿ ಅವಕ್ಕೆ ತಾಗುವುದಿಲ್ಲ.

"ಹಾಗಾದ್ರೆ ಓದು ಮುಗಿಸಿ ಬರುವಾಗ ಪಿಎಫ್ ತೆಗೆದ ಹಾಗೆ ತೆಗೆದುಕೊಂಡು ಬರಬಹುದಲ್ಲ?" ಎಂದರು ಅಕ್ಕ.

ಆಗುವುದಿಲ್ಲ. ಇಲ್ಲಿ ಪಿಎಫ್ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಕಾರ್ಮಿಕರಿಂದ ಹಿಡಿಯುವ ಶೇ. 12 ಅವರ ಹೆಸರಲ್ಲಿ ಬೆಳೆಯುವ ಗಂಟು. ಮಾಲೀಕರು ಹಾಕುವ ಶೇ. 12ರಲ್ಲಿ 8.33 ಪಾಲು ಪೆನ್ಶನ್ ಯೋಜನೆಗೆ ಹೋಗುತ್ತದೆ. ಸಿಪಿಪಿ ಆ ಪೆನ್ಶನ್ ಪಾಲಿನ ಜಾತಿಯದ್ದು. ದೇಶ ಬಿಟ್ಟು ಬಂದೆವೆಂದು ಅದನ್ನು ಒಡೆದು ಕೊಡುವುದಿಲ್ಲ. ಆದರೆ ಮುಳುಗಿಯೂ ಹೋಗುವುದಿಲ್ಲ. ಒಂದೇ ಒಂದು ಸರಿಯಾದ ವಂತಿಗೆ ಇದ್ದರೂ ಅರವತ್ತು ತುಂಬಿದ ಮೇಲೆ ಪೆನ್ಶನ್ನಿಗೆ ಅರ್ಜಿ ಹಾಕಬಹುದು, ಸುಂಟಿಕೊಪ್ಪದಲ್ಲಿ ಕೂತೇ ಪಡೆಯಬಹುದು. ಅರವತ್ತೈದಕ್ಕೆ ಶುರುಮಾಡಿದರೆ ಪೂರ್ಣ ಲೆಕ್ಕ, ಅದಕ್ಕೂ ಮೊದಲಾದರೆ ಕಡಿತ. ಎರಡು ವರ್ಷ ಅರೆಕಾಲಿಕ ದುಡಿದವಳಿಗೆ ಬರುವುದು ದೊಡ್ಡ ಮೊತ್ತವಲ್ಲ, ಆ ಭ್ರಮೆ ಬೇಡ. ಅಲ್ಲೇ ಉಳಿದು ಮೂವತ್ತು ವರ್ಷ ದುಡಿದರೆ ಈ ಮೊದಲ ಚೀಟಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಅಕ್ಕನ ಮಾವನವರು ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು. ನವೆಂಬರ್ ಬಂತೆಂದರೆ ಜೀವಂತ ಇರುವ ಪ್ರಮಾಣಪತ್ರ ಕೊಡಲು ಅವರನ್ನು ಬ್ಯಾಂಕಿಗೆ ಕರೆದೊಯ್ಯುವುದು ಅಕ್ಕನೇ. ಪೆನ್ಶನ್ ಎಂದರೆ ಏನು ಎಂದು ಆ ಮನೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದೂರದ ದೇಶದಿಂದಲೂ ಬರುತ್ತದೆ ಎಂಬುದಷ್ಟೇ ಹೊಸದು.

ಭಾರತಕ್ಕೂ ಕೆನಡಾಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದವೊಂದು 2015ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ನಮ್ಮವರು ಅಲ್ಲಿ ಕಟ್ಟಬೇಕಿಲ್ಲ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ಇಲ್ಲಿನ ಕಂಪನಿಯೊಂದು ತನ್ನ ನೌಕರರನ್ನು ಅಲ್ಲಿಗೆ ಕಳಿಸಿದಾಗ ಎರಡೂ ಕಡೆ ಕಟ್ಟುವುದನ್ನು ಒಪ್ಪಂದ ತಪ್ಪಿಸುತ್ತದೆ. ಅಲ್ಲಿನ ಅಂಗಡಿಗೆ ಅಲ್ಲೇ ಸೇರಿದ ವಿದ್ಯಾರ್ಥಿಗೆ ಆ ವಿನಾಯಿತಿ ಇಲ್ಲ.

ಇಐ ಅಂತೂ ಜೀಪಿನ ಇನ್ಶೂರೆನ್ಸ್ ಇದ್ದ ಹಾಗೆ. ಅಪಘಾತ ಆಗಲಿಲ್ಲ ಎಂದು ಕಟ್ಟಿದ ದುಡ್ಡನ್ನು ಯಾರೂ ವಾಪಸ್ ಕೇಳುವುದಿಲ್ಲ. ತನ್ನ ತಪ್ಪಿಲ್ಲದೆ ಕೆಲಸ ಹೋದವರು, ಪ್ರದೇಶಕ್ಕೆ ತಕ್ಕಂತೆ 420ರಿಂದ 700 ಗಂಟೆ ದುಡಿದಿದ್ದರೆ, ಸಂಬಳದ ಶೇ. 55ರ ತನಕ ಕೆಲವು ತಿಂಗಳು ಪಡೆಯಬಹುದು. ಆದರೆ ಕೆಲಸಕ್ಕೆ ಸದಾ ಸಿದ್ಧ ಎಂದು ತೋರಿಸಬೇಕು, ಪೂರ್ಣಾವಧಿ ಓದುವವರಿಗೆ ಅದು ಕಷ್ಟ. ಓದು ಮುಗಿಸಿ ವರ್ಕ್ ಪರ್ಮಿಟ್ಟಿನಲ್ಲಿ ದುಡಿಯುವ ಕಾಲಕ್ಕೆ ಇದರ ನಿಜವಾದ ಉಪಯೋಗ. ಕಾಯಿಲೆ ಬಿದ್ದರೆ 600 ಗಂಟೆ ದುಡಿದವರಿಗೆ 26 ವಾರದ ತನಕ ಸಿಗುವ ನೆರವೂ ಇದರಲ್ಲೇ ಬರುತ್ತದೆ. ಅದಕ್ಕೇ ಕೆಲಸ ಬಿಡುವಾಗ ಮಾಲೀಕ ದಾಖಲಿಸುವ ರೆಕಾರ್ಡ್ ಆಫ್ ಎಂಪ್ಲಾಯ್‌ಮೆಂಟ್ ಎಂಬ ಪತ್ರ ಮುಖ್ಯ. ಎಷ್ಟು ಗಂಟೆ ದುಡಿದಿದ್ದಾಳೆ ಎಂಬುದಕ್ಕೆ ಅದೇ ಸಾಕ್ಷಿ.

ಅಕ್ಕನ ಮುಖ ಅರಳಿದ್ದು ಮುಂದಿನ ಲೆಕ್ಕಕ್ಕೆ. ಮಗಳು ಕೆಲಸಕ್ಕೆ ಸೇರಿದ್ದು ಸೆಪ್ಟೆಂಬರಿನಲ್ಲಿ. ಡಿಸೆಂಬರ್ ಮುಗಿಯುವಾಗ ಎಂಟು ಸಂಬಳ, ಒಟ್ಟು 4,608 ಡಾಲರ್. ಪ್ರತಿ ಸಲ 26.26ರಂತೆ ಸಿಪಿಪಿಗೆ ಹಿಡಿದದ್ದು 210.08. ಈಗ ನೋಡಿ: ವಿನಾಯಿತಿ ಇರುವುದು ಇಡೀ ವರ್ಷಕ್ಕೆ 3,500. ಅಂಗಡಿಯ ಲೆಕ್ಕದಲ್ಲಿ ಅವಳಿಗೆ ಸಿಕ್ಕಿದ್ದು ಎಂಟೇ ಪಾಲು, ಉಳಿದ ಹದಿನೆಂಟು ಪಾಲು ಹಾಗೇ ನಿಂತಿದೆ. ವರ್ಷದ ಲೆಕ್ಕ ಹಾಕಿದರೆ 4,608ರಲ್ಲಿ 3,500 ಕಳೆದು ಉಳಿದ 1,108 ಡಾಲರಿನ ಮೇಲೆ ಅವಳು ಕಟ್ಟಬೇಕಿದ್ದದ್ದು 65.93 ಮಾತ್ರ. ಹೆಚ್ಚಾಗಿ ಹೋದದ್ದು 144.15 ಡಾಲರ್. ಅಂಗಡಿಯವರು ತಪ್ಪು ಮಾಡಿಲ್ಲ, ಪ್ರತಿ ಸಂಬಳದ ನಿಯಮವೇ ಹಾಗೆ. ಆದರೆ ಆ ದುಡ್ಡು ವಾಪಸ್ ಬರುವುದು ತೆರಿಗೆ ರಿಟರ್ನ್ ಹಾಕಿದವರಿಗೆ ಮಾತ್ರ.

ಫೆಬ್ರವರಿ ಕೊನೆಯೊಳಗೆ ಮಾಲೀಕ ಟಿ4 ಎಂಬ ಚೀಟಿ ಕೊಡುತ್ತಾನೆ. ಅದರ 14ನೇ ಚೌಕದಲ್ಲಿ ವರ್ಷದ ಸಂಬಳ, 16ರಲ್ಲಿ ಸಿಪಿಪಿ, 18ರಲ್ಲಿ ಇಐ, 22ರಲ್ಲಿ ತೆರಿಗೆ. ಏಪ್ರಿಲ್ 30ರೊಳಗೆ ರಿಟರ್ನ್ ಹಾಕಬೇಕು. ತೆರಿಗೆ ಕಟ್ಟಲು ಏನೂ ಇಲ್ಲ, ರಿಟರ್ನ್ ಯಾಕೆ ಎಂದು ಬಿಡುವ ಮಕ್ಕಳೇ ಈ ದುಡ್ಡನ್ನು ಕಳೆದುಕೊಳ್ಳುವುದು. ಇಐ ಲೆಕ್ಕಕ್ಕೆ ಬರುವ ವರ್ಷದ ಸಂಬಳ 2,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಇಐ ಕೂಡ ಪೂರ್ತಿ ವಾಪಸ್. ಕಾಲೇಜು ಕೊಡುವ ಫೀಸಿನ ಚೀಟಿಯನ್ನೂ ರಿಟರ್ನಿನಲ್ಲಿ ತೋರಿಸಿದರೆ, ಈ ವರ್ಷ ಬಳಕೆಯಾಗದ ತೆರಿಗೆ ರಿಯಾಯಿತಿ ಮುಂದೆ ದೊಡ್ಡ ಸಂಬಳ ಬರುವ ವರ್ಷಕ್ಕೆ ಉಳಿಯುತ್ತದೆ. ಎರಡನೆಯ ವರ್ಷ ಜನವರಿಯಿಂದ ಡಿಸೆಂಬರ್ ತನಕ ದುಡಿದರೆ 26 ಪಾಲೂ ಬಳಕೆಯಾಗಿರುತ್ತದೆ. ಆಗ ಈ ಹಿಂಪಾವತಿ ನಿರೀಕ್ಷಿಸಬಾರದು.

ಇಷ್ಟಾದ ಮೇಲೆ ಕೈಗೆ ಕಾಸು ಕೊಡುವ ಕೆಲಸದ ವಿಚಾರ. ಏನೂ ಹಿಡಿಯದಿದ್ದರೆ ಮಗಳಿಗೆ ಪ್ರತಿ ಸಲ ಉಳಿಯುವುದು 35.71. ಮಾಲೀಕನಿಗೆ ಉಳಿಯುವುದೆಷ್ಟು? ಅವನ ಪಾಲಿನ 26.26 ಮತ್ತು 13.23 ಸೇರಿ 39.49. ಹುಡುಗಿಗಿಂತ ಹೆಚ್ಚು. ಅವಳಿಗೆ ಉಳಿದಂತೆ ಕಂಡದ್ದರಲ್ಲೂ, ಈ ಎಂಟು ಸಂಬಳದ ಲೆಕ್ಕದಲ್ಲಿ ಅರ್ಧದಷ್ಟು ಹೇಗೂ ರಿಟರ್ನಿನಲ್ಲಿ ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ಬಿಟ್ಟುಕೊಡುವುದು: ಟಿ4 ಇಲ್ಲ, ಗಂಟೆಯ ದಾಖಲೆ ಇಲ್ಲ, ಸಂಬಳ ಕೊಡದೆ ಸತಾಯಿಸಿದರೆ ತೋರಿಸಲು ಕಾಗದವಿಲ್ಲ. ಬೇರೆಯವರ ಸಿನ್ ಬಳಸಿ ದುಡಿಯುವುದಂತೂ ಅಪರಾಧ, ದುಡಿದ ಲೆಕ್ಕವೆಲ್ಲ ಅವರ ಹೆಸರಿಗೆ ಹೋಗುತ್ತದೆ. ಚೆಕ್ ರೋಲಿನಲ್ಲಿ ಹೆಸರು ಬರೆಸದೆ ಎಷ್ಟೋ ವರ್ಷ ತೋಟದಲ್ಲಿ ದುಡಿದು, ಮುಪ್ಪಿನಲ್ಲಿ ಬರಿಗೈಯಲ್ಲಿ ನಿಂತವರನ್ನು ನಾನು ನೋಡಿದ್ದೇನೆ. ಹೆಸರು ದಾಖಲೆಯಲ್ಲಿ ಇಲ್ಲದ ದುಡಿಮೆ ಎಂದರೆ ನನಗೆ ಈಗಲೂ ಸಂಕಟ. ಮಗಳಿಗೆ ಬೇಡ ಎಂದೇ ಹೇಳಿದೆ.

ಬೇರೆ ದೇಶಕ್ಕೆ ಹೋದ ಮಕ್ಕಳ ಮನೆಯವರು ಕೆನಡಾದ ಲೆಕ್ಕವನ್ನು ಅಲ್ಲಿಗೆ ಹಾಕಬೇಡಿ. ಒಂದೊಂದು ದೇಶಕ್ಕೂ ಒಂದೊಂದು ದಾರಿ.

ಜರ್ಮನಿಯಲ್ಲಿ ಪೆನ್ಶನ್ ವಿಮೆಯ ನಂಬರಿಗೆ ಹನ್ನೆರಡು ಅಕ್ಷರಾಂಕ. ನಡುವೆ ಹುಟ್ಟಿದ ದಿನಾಂಕ, ಅದರ ಪಕ್ಕ ಹುಟ್ಟಿನ ಮನೆತನದ ಹೆಸರಿನ ಮೊದಲ ಅಕ್ಷರ. ಹೆಸರಿನ ಬಗ್ಗೆ ನಾನು ಮೇಲೆ ಹೇಳಿದ್ದು ಇಲ್ಲಿ ನಂಬರಿನೊಳಗೇ ಕೂರುತ್ತದೆ. ತೆರಿಗೆಗೆ ಬೇರೆ ನಂಬರ್ ಇದೆ, ಅದು ಹನ್ನೊಂದು ಅಂಕಿ. ಎರಡನ್ನೂ ಅದಲುಬದಲು ಮಾಡಿಕೊಳ್ಳುವವರು ಬಹಳ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮೀರದೆ ದುಡಿಯುವ ವರ್ಕ್‌ಸ್ಟೂಡೆಂಟಿಗೆ ನಿರುದ್ಯೋಗ ವಿಮೆ ಹಿಡಿಯುವುದಿಲ್ಲ, ಆರೋಗ್ಯ ವಿಮೆಯನ್ನು ವಿದ್ಯಾರ್ಥಿ ದರದಲ್ಲಿ ತಾನೇ ಕಟ್ಟುತ್ತಾನೆ, ಸಂಬಳದಲ್ಲಿ ಪೆನ್ಶನ್ನಿಗೆ ಹೋಗುವುದು ಶೇ. 9.3. ಮಾಲೀಕನದ್ದೂ ಅಷ್ಟೇ. 2025ರಲ್ಲಿ ತಿಂಗಳಿಗೆ 556 ಯೂರೊ ಒಳಗಿನ ಮಿನಿಜಾಬ್ ಆದರೆ ಹಿಡಿಯುವುದು ಶೇ. 3.6, ಬೇಡವೆಂದು ಬರೆದುಕೊಟ್ಟರೆ ಅದೂ ಇಲ್ಲ. ಐದು ವರ್ಷಕ್ಕಿಂತ ಕಡಿಮೆ ಕಟ್ಟಿ ಭಾರತಕ್ಕೆ ಮರಳಿದವರು, ಅಲ್ಲಿ ಕಡ್ಡಾಯವಾಗಿ ಕಟ್ಟುವುದು ನಿಂತು 24 ತಿಂಗಳಾದ ಮೇಲೆ ತಮ್ಮ ಪಾಲನ್ನು ವಾಪಸ್ ಕೇಳಬಹುದು. ಮಾಲೀಕನ ಪಾಲು ಅಲ್ಲೇ ಉಳಿಯುತ್ತದೆ. ಮರಳಿ ಬಂದ ಸಂಭ್ರಮದಲ್ಲಿ ಈ ಎರಡು ವರ್ಷದ ಮಾತು ಮರೆತೇ ಹೋಗುತ್ತದೆ, ಬರೆದಿಟ್ಟುಕೊಳ್ಳಿ.

ಅಮೆರಿಕದ ಕಥೆ ತಿರುವುಮುರುವು. ಎಫ್-1 ವೀಸಾದ ವಿದ್ಯಾರ್ಥಿಗಳಿಗೆ, ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ, ಸೋಶಿಯಲ್ ಸೆಕ್ಯುರಿಟಿ (ಪೆನ್ಶನ್ ವಂತಿಗೆ) ಮತ್ತು ಮೆಡಿಕೇರ್ (ಮುಪ್ಪಿನ ಆರೋಗ್ಯ ವಿಮೆ) ಎರಡೂ ಸೇರಿದ ಶೇ. 7.65 ಹಿಡಿಯುವಂತೆಯೇ ಇಲ್ಲ. ನಂಬರ್ ಬೇಕು, ವಂತಿಗೆ ಬೇಡ. ಸಂಬಳ ವಿಭಾಗದವರಿಗೆ ಗೊತ್ತಿಲ್ಲದೆ ಹಿಡಿದಿದ್ದರೆ ಮೊದಲು ಅವರಲ್ಲೇ ವಾಪಸ್ ಕೇಳಬೇಕು, ಕೊಡದಿದ್ದರೆ ತೆರಿಗೆ ಇಲಾಖೆಗೆ ಫಾರಂ 843 ಹಾಕಬೇಕು.

ಬ್ರಿಟನ್ನಿನಲ್ಲಿ ವಂತಿಗೆಯ ನಂಬರ್, ಅಂದರೆ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬರುವ ಮೊದಲೇ ಕೆಲಸ ಶುರುಮಾಡಬಹುದು. 2025-26ರಲ್ಲಿ ವಾರಕ್ಕೆ 242 ಪೌಂಡ್ ದಾಟಿದ ಸಂಬಳದ ಮೇಲೆ ಶೇ. 8 ಹಿಡಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಾಲೀಕ ಸಂಬಳದ ಮೇಲೆ ಹೆಚ್ಚುವರಿಯಾಗಿ ಸೂಪರ್ ಎಂಬ ನಿವೃತ್ತಿ ನಿಧಿಗೆ ಹಾಕಬೇಕು. 2025ರ ಜುಲೈಯಿಂದ ಅದು ಶೇ. 12. ವೀಸಾ ಮುಗಿದು ದೇಶ ಬಿಟ್ಟ ಮೇಲೆ, ತೆರಿಗೆ ಕಳೆದು ಉಳಿದದ್ದನ್ನು ಅರ್ಜಿ ಹಾಕಿ ತೆಗೆದುಕೊಳ್ಳಬಹುದು.

ಎಲ್ಲವನ್ನೂ ಕೇಳಿದ ಅಕ್ಕ ಮಗಳಿಗೆ ಅಲ್ಲಿಂದಲೇ ಫೋನ್ ಹಚ್ಚಿದರು. ಅವಳು ಆಗಷ್ಟೇ ಎದ್ದಿದ್ದಳು. "ಮಾವ, ಸಂಬಳದ ಚೀಟಿ ಎಲ್ಲ ಡೌನ್‌ಲೋಡ್ ಮಾಡಿ ಇಡಬೇಕಾ?" ಎಂದು ಕೇಳಿದಳು. ಎಲ್ಲವನ್ನೂ ಇಡು ಎಂದೆ: ಪ್ರತಿ ಚೀಟಿ, ಟಿ4, ಸಿನ್ ಪತ್ರ, ಪರ್ಮಿಟ್. ಒಂದು ಪ್ರತಿ ನಿನ್ನ ಹತ್ತಿರ, ಒಂದು ಅಮ್ಮನ ಮೊಬೈಲಿನಲ್ಲಿ. ಮನೆ ಬದಲಿಸಿದಾಗಲೆಲ್ಲ ತೆರಿಗೆ ಇಲಾಖೆಗೆ ಹೊಸ ವಿಳಾಸ ತಿಳಿಸು, ಇಲ್ಲದಿದ್ದರೆ ಪತ್ರ ಹಳೆಯ ಬಾಗಿಲಿಗೆ ಹೋಗುತ್ತದೆ.

ಅಕ್ಕ ಮೇಜಿನ ಮೇಲಿದ್ದ ಹೊಸ ವರ್ಷದ ಕ್ಯಾಲೆಂಡರ್ ಕೇಳಿ ಪಡೆದರು. ಏಪ್ರಿಲ್ 30ರ ಚೌಕದಲ್ಲಿ ಮಗಳ ಹೆಸರು ಬರೆದು, ಪರ್ಮಿಟ್ ಮುಗಿಯುವ ದಿನಾಂಕ ಯಾವುದು ಎಂದು ಫೋನಿನಲ್ಲೇ ಕೇಳತೊಡಗಿದರು.